ದಿನಕ್ಕೆ ಎರಡು ಗಳಿಗೆ

ಹೊರಡುವುದಕ್ಕೆ ಒಂದು ತಿಂಗಳು ಮೊದಲು, ಮಂಡ್ಯ

ಏಪ್ರಿಲ್ ಮುಗಿಯುವ ಹೊತ್ತಿಗೆ ನಮ್ಮೂರಿನ ನಾಲೆಗೆ ನೀರು ಬರುವುದು ನಿಂತಿತ್ತು. ಕನ್ನಂಬಾಡಿಯಲ್ಲಿ ಬಿಟ್ಟರೆ ನಮಗೆ ನೀರು, ಇಲ್ಲದಿದ್ದರೆ ವಿಶ್ವೇಶ್ವರಯ್ಯ ನಾಲೆಯ ತಳದಲ್ಲಿ ದನ ಮೇಯುತ್ತವೆ. ಅಪ್ಪ ತನ್ನ ಬಿದಿರು ಕೋಲನ್ನು ಸೂರಿನ ಸಂದಿಗೆ ಸಿಕ್ಕಿಸಿ ಜಗಲಿ ಮೇಲೆ ಸುಮ್ನೆ ಕೂತಿದ್ದ. ಅವನಿಗೀಗ ಅರವತ್ತೆಂಟು. ಏಳೆಂಟು ವರ್ಷದ ಹುಡುಗನಾಗಿದ್ದಾಗಿಂದ ಗಾಣ ಹಾಕಿಕೊಂಡು ಬಂದವನು. ಗಾಳಕ್ಕೆ ನಮ್ಮ ಕಡೆ ಗಾಣ ಅಂತಲೇ ಅನ್ನುವುದು. ಗೆಂಡೆ, ಕೊರವ, ಜಿಲೇಬಿ, ಮಳೆಗಾಲದಲ್ಲಿ ಹೊಸ ನೀರಿಗೆ ಹತ್ತುವ ಮೀನು, ಎಲ್ಲವೂ ಅವನ ಕೈಗೆ ಬಂದಿವೆ. ಕಡಲಿನ ಮೀನು ಮಾತ್ರ ಒಂದೂ ಬಂದಿರಲಿಲ್ಲ.

"ಧರ್ಮಸ್ಥಳಕ್ಕೆ ಹೋದಾಗ ಮಲ್ಪೆ ತೋರ್ಸಿದ್ರು ಕಣ್ಲಾ. ಬಸ್ಸಿನೋನು ಅರ್ಧ ಗಂಟೆ ಬಿಟ್ಟ. ಅಷ್ಟು ನೀರು ನೋಡ್ಕಂಡು ಬರಿಗೈಲಿ ಬಂದೆ" ಅಂದ. ಕರಕೊಂಡು ಹೋಗಲೇಬೇಕು ಅಂತ ನಾನು ಅವತ್ತೇ ತೀರ್ಮಾನ ಮಾಡಿದೆ.

ಮೊದಲು ಮಾಡಿದ ಕೆಲಸ ಕ್ಯಾಲೆಂಡರಿನಲ್ಲಿ ರಜೆ ಹುಡುಕಿದ್ದು. ಮೇ ತಿಂಗಳ ಎರಡನೇ ಶನಿವಾರ, ಅದಕ್ಕೆ ಅಂಟಿಕೊಂಡ ಭಾನುವಾರ, ಸೋಮವಾರಕ್ಕೆ ಒಂದು ರಜೆ. ಮೈಸೂರಿನ ನಮ್ಮ ಆಫೀಸಿನಲ್ಲಿ ಉಡುಪಿ ಕಡೆಯ ಗೆಳೆಯರೊಬ್ಬರಿದ್ದಾರೆ. ಅವರಿಗೆ ಹೇಳಿದೆ. ಮೊಬೈಲಿನಲ್ಲಿ ಏನೋ ನೋಡಿ ತಲೆ ಅಲ್ಲಾಡಿಸಿದರು.

"ಅದು ಹುಣ್ಣಿಮೆ ಹತ್ರ ಬರ್ತದೆ ಮಾರಾಯ್ರೆ. ನೀರಿನ ಸೆಳೆತ ಜೋರು. ಗಾಳ ಮುಳುಗಿಸೋ ಸೀಸದ ಗುಂಡು ತಳದಲ್ಲಿ ನಿಲ್ಲುದಿಲ್ಲ. ಹೊಸಬರಿಗೆ ಕಷ್ಟ ಉಂಟು."

ಆಮೇಲೆ ಊಟದ ಹೊತ್ತಿನಲ್ಲಿ ಕೂರಿಸಿಕೊಂಡು ಬಿಡಿಸಿ ಹೇಳಿದರು. ನಾಲೆಯಲ್ಲಿ ನೀರು ಒಂದೇ ಕಡೆ ಹರಿಯುತ್ತದೆ. ಹೊಳೆ ಕಡಲನ್ನು ಸೇರುವ ಅಳಿವೆಯಲ್ಲಿ ಹಾಗಲ್ಲ. ಆರು ಗಂಟೆ ಚಿಲ್ಲರೆ ಕಡಲಿನ ನೀರು ಹೊಳೆಗೆ ಏರುತ್ತದೆ, ಇನ್ನಾರು ಗಂಟೆ ಚಿಲ್ಲರೆ ಇಳಿಯುತ್ತದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ನೀರು ಓಡುವಾಗ ಸಣ್ಣ ಸಿಗಡಿ, ಏಡಿಮರಿ, ಹುಳ ಎಲ್ಲ ಅದರ ಜೊತೆ ಸಾಗುತ್ತವೆ. ಮೀನು ಬಾಯಿ ಹಾಕುವುದು ಆಗ. ನೀರು ನಿಂತರೆ ಮೀನೂ ಸುಮ್ಮನಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುತ್ತವೆ, ಅದಕ್ಕೇ ಏರಿಳಿತ ಜಾಸ್ತಿ. ಅಷ್ಟಮಿ ಸುತ್ತ ಕಡಿಮೆ. ಅಷ್ಟಮಿ ಕಳೆದು ಒಂದೆರಡು ದಿನಕ್ಕೆ ಹೋದರೆ ನೀರು ಓಡುತ್ತಲೂ ಇರುತ್ತದೆ, ನಮ್ಮ ಹತೋಟಿಗೂ ಸಿಗುತ್ತದೆ. ಉಬ್ಬರದ ಹೊತ್ತು ದಿನಾ ಸುಮಾರು ಐವತ್ತು ನಿಮಿಷ ತಡವಾಗುತ್ತದೆ ಅಂತಲೂ ಹೇಳಿದರು.

ಸಂಜೆ ಊರಿಗೆ ಬಂದು ಅಪ್ಪನಿಗೆ ಇದನ್ನೆಲ್ಲ ಒಪ್ಪಿಸಿದೆ. ಅವನಿಗೆ ಗೊಂದಲವಾಗಬಹುದು ಅಂದುಕೊಂಡಿದ್ದೆ. ಅವನು ಎದ್ದುಹೋಗಿ ದೇವರ ಗೂಡಿನಿಂದ ಒಂಟಿಕೊಪ್ಪಲ್ ಪಂಚಾಂಗ ತಂದ.

"ಐವತ್ತು ನಿಮಿಷ ಅಂದ್ರೆ ಎರಡು ಗಳಿಗೆ ಕಣ್ಲಾ. ಚಂದ್ರ ಹುಟ್ಟೋದೂ ದಿನಕ್ಕೆ ಎರಡು ಗಳಿಗೆ ತಡವೇ ಅಲ್ವಾ? ನೀರು ಅವನ ಹಿಂದೇನೇ ಹೋಯ್ತದೆ. ಇದ್ರಲ್ಲಿ ಹೊಸದೇನೈತೆ?"

ಒಂದು ಗಳಿಗೆ ಅಂದರೆ ಇಪ್ಪತ್ನಾಲ್ಕು ನಿಮಿಷ. ಎರಡಕ್ಕೆ ನಲವತ್ತೆಂಟು. ರಾತ್ರಿ ಗದ್ದೆಗೆ ನೀರು ಕಟ್ಟಲು ಹೋಗುವವನಿಗೆ ಯಾವ ದಿನ ಎಷ್ಟು ಹೊತ್ತಿಗೆ ಬೆಳದಿಂಗಳು ಅನ್ನುವುದು ಬಾಯಿಪಾಠ. ನಾನು ಆಫೀಸಿನಲ್ಲಿ ಅರ್ಧ ಗಂಟೆ ಕಷ್ಟಪಟ್ಟು ಅರ್ಥ ಮಾಡಿಕೊಂಡಿದ್ದು ಅವನ ಬೆರಳ ತುದಿಯಲ್ಲಿತ್ತು. ನನಗೆ ತುಂಬ ಖುಷಿಯಾಯಿತು. ಅಲ್ಲಿಂದ ಮುಂದೆ ದಿನ ಗೊತ್ತು ಮಾಡುವ ಕೆಲಸವನ್ನು ಅವನಿಗೇ ಬಿಟ್ಟೆ.

ಅವನು ವೈಶಾಖ ಬಹುಳ ನವಮಿ ಗುರುವಾರ ಹೊರಡೋದು ಅಂದ. ದಶಮಿ, ಏಕಾದಶಿ ಎರಡು ದಿನ ನೀರಿನಲ್ಲಿ. ಭಾನುವಾರ ವಾಪಸ್. ಸೋಮವಾರ ನಮ್ಮ ಮನೆಯಲ್ಲಿ ಮೀನು, ಬಾಡು ಮಾಡುವುದಿಲ್ಲ, ಆದ್ದರಿಂದ ತಂದದ್ದು ಭಾನುವಾರ ರಾತ್ರಿಯೇ ಒಲೆ ಮೇಲೆ ಇರಬೇಕು. ಮೇ ಮೂರನೇ ವಾರ ದಾಟುವುದೂ ಬೇಡ ಅಂತ ಗೆಳೆಯರು ಹೇಳಿದ್ದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ. ಮೀನು ಮರಿ ಮಾಡುವ ಕಾಲ, ಕಡಲೂ ಒರಟು. ಮೇ ಕೊನೆಯಲ್ಲೇ ಅದರ ಗುಣ ಬದಲಾಗಲು ಶುರುವಾಗುತ್ತದಂತೆ.

ಹದಿನೈದು ದಿನ ಮೊದಲು, ಮೈಸೂರು

ಸಾಮಾನು ತರಲು ಇಬ್ಬರೂ ಮೈಸೂರಿಗೆ ಹೋದೆವು. ಎಂಟು ಅಡಿಯ ಎರಡು ರಾಡ್, ಎರಡು ರೀಲ್, ಟಂಗೂಸು ದಾರ, ಬೇರೆ ಬೇರೆ ತೂಕದ ಸೀಸ. ಕಡಲು ಅಂದ ಕೂಡಲೇ ಅಂಗಡಿಯವರು ಕೊಕ್ಕೆಯಂಥ ದೊಡ್ಡ ಗಾಳಗಳನ್ನು ಮುಂದಿಟ್ಟರು. ನಾವೂ ತಗೊಂಡುಬಿಟ್ಟೆವು. ಆಮೇಲೆ ಗೆಳೆಯರಿಗೆ ಫೋಟೊ ಕಳಿಸಿದರೆ, "ಅಲ್ಲಿ ನೀವು ಹಿಡಿಯುದು ಕಾಣೆ ಮೀನು, ಅದರ ಬಾಯಿ ಕಡಲೆಬೀಜದಷ್ಟು ಇರ್ತದೆ, ಇದು ಅದರ ತಲೆಗಿಂತ ದೊಡ್ಡದು" ಅಂದರು. ವಾಪಸ್ ಹೋಗಿ ಎಂಟನೇ ಮತ್ತು ಹತ್ತನೇ ನಂಬರಿನವನ್ನು ತಂದೆವು. ಇದರಲ್ಲಿ ನಂಬರ್ ಹೆಚ್ಚಾದಷ್ಟೂ ಗಾಳ ಸಣ್ಣದು. ಹೊಸದಾಗಿ ಕೊಳ್ಳುವವರು ಇದನ್ನು ನೆನಪಿಡಿ. ಎರಡು ಲೈಫ್ ಜಾಕೆಟ್ಟನ್ನೂ ಕೊಂಡೆ. ಅಪ್ಪನಿಗೆ ಈಜು ಚೆನ್ನಾಗಿ ಬರುತ್ತದೆ. ಆದರೆ ನಾಲೆಯ ಈಜು ಅಳಿವೆಯ ಸೆಳೆತಕ್ಕೆ ಸಾಲುವುದಿಲ್ಲ.

ಅಪ್ಪನ ಕೈಗೆ ರೀಲ್ ಹೊಸದು. ಬಿದಿರು ಕೋಲಿನಲ್ಲಿ ದಾರ ಕೋಲಿನಷ್ಟೇ ಉದ್ದ, ಬೀಸಿ ಬಿಟ್ಟರೆ ಆಯಿತು. ಇಲ್ಲಿ ತೋರುಬೆರಳಿನಲ್ಲಿ ದಾರವನ್ನು ಹಿಡಿದು, ರಾಡ್ ಬೀಸಿ, ಸರಿಯಾದ ಗಳಿಗೆಯಲ್ಲಿ ಬೆರಳು ಬಿಡಬೇಕು. ಬೇಗ ಬಿಟ್ಟರೆ ಸೀಸ ಆಕಾಶಕ್ಕೆ, ತಡವಾದರೆ ಕಾಲ ಹತ್ತಿರ. ಭತ್ತ ಕೊಯ್ದು ಒಣಗಿದ್ದ ಗದ್ದೆಯಲ್ಲಿ, ಗಾಳ ಕಟ್ಟದೆ ಬರೀ ಸೀಸ ಹಾಕಿ ಎಸೆಯುವುದನ್ನು ಕಲಿತೆವು. ಒಂದು ಕಡೆ ಹಳೇ ಟವೆಲ್ ಹಾಸಿ ಅದಕ್ಕೆ ಗುರಿ. ದಿನಾ ಸಂಜೆ ಅರ್ಧ ಗಂಟೆ. ಮೂರನೇ ದಿನ ಅಪ್ಪ ಎಸೆದ ಸೀಸ ಟವೆಲ್ ಮೇಲೆ ಬಿತ್ತು. ಬದುವಿನ ಮೇಲೆ ಕೂತಿದ್ದ ಅವ್ವ, "ಇನ್ನು ಹೊರಡಿ" ಅಂದಳು.

ಉಳಿಯಲು ಉಡುಪಿ ಹತ್ತಿರದ ಕೋಡಿ ಬೆಂಗ್ರೆಯಲ್ಲಿ ಹೊಳೆ ಬದಿಯ ಒಂದು ಮನೆ ಸಿಕ್ಕಿತು. ದೋಣಿಯವರಿಗೂ ಮುಂಚೆಯೇ ಫೋನ್ ಮಾಡಿ ಮಾತಾಡಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ಯಾವ ತಿಥಿಗೆ ಬರ್ತೀರಿ?"

ಗುರುವಾರ

ಬೆಳಗಿನ ಜಾವ ನಾಲ್ಕಕ್ಕೆ ಮಂಡ್ಯ ಬಿಟ್ಟೆವು. ಮೈಸೂರು, ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿ. ರಾಡ್‌ಗಳು, ಐಸ್ ಪೆಟ್ಟಿಗೆ, ಅವ್ವ ಕಟ್ಟಿಕೊಟ್ಟ ಎರಡು ಕೆ.ಜಿ. ರಾಗಿಹಿಟ್ಟು ಹಿಂದಿನ ಸೀಟಿನಲ್ಲಿ. ಮಡಿಕೇರಿಯಲ್ಲಿ ಇಡ್ಲಿ ತಿಂದು ಸಂಪಾಜೆ ಘಾಟಿ ಇಳಿದೆವು. ಸುಳ್ಯದ ಹತ್ತಿರ ಪಯಸ್ವಿನಿ ಕಂಡಾಗ ಅಪ್ಪ ಕಾರು ನಿಲ್ಲಿಸು ಅಂದ. ಸೇತುವೆ ಮೇಲೆ ನಿಂತು ನೀರು ಯಾವ ಕಡೆ ಹರಿಯುತ್ತದೆ ಅಂತ ನೋಡಿದ. ಅದೇ ಕೊಡಗಿನ ಬೆಟ್ಟದ ನೀರು. ಕಾವೇರಿಯಾದರೆ ಪೂರ್ವಕ್ಕೆ ತಿರುಗಿ ನಮ್ಮ ಗದ್ದೆಗೆ ಬರುತ್ತಾಳೆ, ಇದು ಪಡುವಣಕ್ಕೆ. ಅವನು ಏನೂ ಹೇಳಲಿಲ್ಲ, ಒಂದು ಕಲ್ಲು ಎಸೆದು ಬಂದು ಕೂತ.

ಪುತ್ತೂರು, ಬಿ.ಸಿ. ರೋಡ್, ಮಂಗಳೂರು, ಅಲ್ಲಿಂದ ಹೆದ್ದಾರಿ ಹಿಡಿದು ಉಡುಪಿ. ಒಟ್ಟು 370 ಕಿಲೋಮೀಟರ್ ಆಸುಪಾಸು. ಕೋಡಿ ಬೆಂಗ್ರೆ ಮುಟ್ಟಿದಾಗ ಮಧ್ಯಾಹ್ನ ಎರಡು ಗಂಟೆ. ಸೆಕೆ ಅಂದರೆ ಏನು ಅಂತ ಕಾರಿನಿಂದ ಇಳಿದಾಗ ಗೊತ್ತಾಯಿತು. ಬಿಸಿಲು ಮಂಡ್ಯದಲ್ಲೂ ಇದೆ, ಇನ್ನೂ ಜಾಸ್ತಿಯೇ ಇದೆ. ಆದರೆ ನಮ್ಮಲ್ಲಿ ಬೆವರು ಆರುತ್ತದೆ. ಇಲ್ಲಿ ಆರುವುದೇ ಇಲ್ಲ, ಅಂಗಿ ಮೈಗೆ ಮೆತ್ತಿಕೊಂಡೇ ಇರುತ್ತದೆ. ಬೇಸಿಗೆಯಲ್ಲಿ ವಯಸ್ಸಾದವರನ್ನು ಕರಕೊಂಡು ಹೋಗುವವರು ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಉಪ್ಪು ಹಾಕಿದ ಮಜ್ಜಿಗೆ, ಎಳನೀರು ಕೈಗೆ ಸಿಗುವ ಹಾಗೆ ಇರಲಿ. ಹನ್ನೊಂದರಿಂದ ನಾಲ್ಕರವರೆಗೆ ನೆರಳು ಬಿಟ್ಟು ಕದಲಬಾರದು.

ಸಂಜೆ ಊರು ಸುತ್ತಿದೆವು. ಊರು ಅಂದರೆ ಒಂದು ಉದ್ದನೆ ಮರಳಿನ ನಾಲಿಗೆ. ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ರಸ್ತೆ, ತೆಂಗು, ಮನೆಗಳು. ತುದಿಯಲ್ಲಿ ಸುವರ್ಣಾ ಮತ್ತು ಸೀತಾ ಹೊಳೆಗಳು ಕಡಲಿಗೆ ಸೇರುತ್ತವೆ. ಆಚೆ ದಡದಲ್ಲಿ ಹಂಗಾರಕಟ್ಟೆ. ಅಪ್ಪ ದಡದಲ್ಲಿ ಒಂದು ಕಡ್ಡಿ ನೆಟ್ಟು ಬಂದ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹೋಗಿ ನೋಡಿದರೆ ಕಡ್ಡಿಯ ಅರ್ಧ ನೀರಿನೊಳಗಿತ್ತು. ಅವನು ಅದನ್ನೇ ನೋಡುತ್ತ ಬಹಳ ಹೊತ್ತು ನಿಂತಿದ್ದ.

ಶುಕ್ರವಾರ

ಐದೂವರೆಗೆ ದೋಣಿಯವರು ಬಂದು ಬಾಗಿಲು ಬಡಿದರು. ಎಂಜಿನ್ ಕೂರಿಸಿದ ಸಣ್ಣ ನಾಡದೋಣಿ. ಅವರ ಬಲೆಗೆ ಬಿದ್ದಿದ್ದ ಹಸಿ ಎಟ್ಟಿ ಒಂದು ಡಬ್ಬ. ಎಟ್ಟಿ ಅಂದರೆ ಸಿಗಡಿ. ನಾವು ತಂದಿದ್ದ ಎರೆಹುಳದ ಡಬ್ಬ ನೋಡಿ, "ಇರ್ಲಿ, ಅದೂ ಆಗ್ತದೆ" ಅಂದರು.

ಅಳಿವೆ ಬಾಗಿಲಿನಿಂದ ಸ್ವಲ್ಪ ಒಳಗೆ, ಮರಳಿನ ತಳ ಇರುವ ಕಡೆ ಲಂಗರು ಹಾಕಿದರು. ಕಾಣೆ ಮರಳಿನ ಮೀನು. ಹೆದರಿದರೆ ಮರಳಿನೊಳಗೇ ಹೂತುಕೊಳ್ಳುತ್ತದೆ. ಅದಕ್ಕೆ ಗಾಳ ತಳದಲ್ಲೇ ಇರಬೇಕು. ಎಟ್ಟಿಯ ಸಿಪ್ಪೆ ತೆಗೆದು, ಉಗುರಿನಷ್ಟು ಚೂರು ಮಾಡಿ ಹತ್ತನೇ ನಂಬರ್ ಗಾಳಕ್ಕೆ ಚುಚ್ಚಿ, ಸೀಸ ತಳ ಮುಟ್ಟಿದ ಮೇಲೆ ಮೆಲ್ಲಗೆ, ಬಹಳ ಮೆಲ್ಲಗೆ ಸುತ್ತಬೇಕು.

ಅರ್ಧ ಗಂಟೆ ಅಪ್ಪನಿಗೆ ಏನೂ ಸಿಗಲಿಲ್ಲ. ನನಗೆ ಎರಡು ಸಲ ಬರೀ ಗಾಳ ವಾಪಸ್ ಬಂತು. ಹೊಟ್ಟೆ ಉಬ್ಬಿಸಿಕೊಳ್ಳುವ ಒಂದು ಮೀನು ಎಟ್ಟಿಯನ್ನು ಕತ್ತರಿಸಿ ತಿಂದುಹೋಗುತ್ತಿತ್ತು. ಅದು ಸಿಕ್ಕರೂ ಬಿಟ್ಟುಬಿಡಿ, ವಿಷ, ತಿನ್ನಬಾರದು ಅಂತ ದೋಣಿಯವರು ಹೇಳಿದರು.

ಅಪ್ಪನ ತೊಂದರೆ ಬೇರೆ. ಅರವತ್ತು ವರ್ಷ ಅವನು ಬೆಂಡು ನೋಡಿಯೇ ಮೀನು ಹಿಡಿದವನು. ಬೆಂಡು ಮುಳುಗಿದರೆ ಎಳೆಯಬೇಕು. ಇಲ್ಲಿ ಬೆಂಡಿಲ್ಲ. ಅವನ ಕಣ್ಣು ನೀರಿನ ಮೇಲೆ ಏನನ್ನೋ ಹುಡುಕುತ್ತಲೇ ಇತ್ತು. ದೋಣಿಯವರು ಪಕ್ಕಕ್ಕೆ ಬಂದು ಕೂತು, ದಾರವನ್ನು ಅವನ ತೋರುಬೆರಳಿನ ಮೇಲೆ ಹಾಯಿಸಿ, "ಅಜ್ಜೇರೆ, ಕಣ್ಣು ಮುಚ್ಚಿ. ಬೆರಳಲ್ಲಿ ಕೇಳಿ" ಅಂದರು.

ಅಪ್ಪ ಕಣ್ಣು ಮುಚ್ಚಿದ. ನಾನು ಅವನ ಬೆರಳನ್ನೇ ನೋಡುತ್ತಿದ್ದೆ. ಕುಡುಗೋಲು ಹಿಡಿದು ಹಿಡಿದು ಗಟ್ಟಿಯಾದ ಬೆರಳು, ಅದರ ಮೇಲೆ ಕೂದಲಿನಷ್ಟು ತೆಳ್ಳಗಿನ ದಾರ, ದಾರದ ಮೇಲೆ ಒಂದು ಹನಿ ನೀರು. ಹನಿ ನಡುಗಿತು. ಮತ್ತೆ ನಡುಗಿತು. ಅಪ್ಪ ಅಲುಗಾಡಲಿಲ್ಲ. ಮೂರನೇ ಸಲ ಹನಿ ಉದುರಿಹೋಯಿತು, ಅವನು ಮಣಿಕಟ್ಟು ಮಾತ್ರ ಎತ್ತಿದ. ರಾಡಿನ ತುದಿ ಬಾಗಿತು.

ಗೇಣಿಗಿಂತ ಸ್ವಲ್ಪ ಉದ್ದದ ಕಾಣೆ. ಬೆಳ್ಳಿಯ ಬಣ್ಣ, ಚೂಪು ಮೂತಿ, ಬೆನ್ನ ಮೇಲೆ ಮರಳಿನದೇ ಬಣ್ಣದ ಛಾಯೆ. ಅಪ್ಪ ಅದನ್ನು ಎರಡು ಕೈಯಲ್ಲಿ ಹಿಡಿದು ಮೂಸಿ ನೋಡಿದ. "ಕೆಸರು ವಾಸ್ನೇನೇ ಇಲ್ಲ ಕಣ್ಲಾ" ಅಂದ. ಅವನ ದನಿ ಸಣ್ಣಗಾಗಿತ್ತು.

ಏಳೂವರೆ ಸುಮಾರಿಗೆ ನೀರು ತುಂಬಿ ನಿಂತಿತು. ಮೀನಿನ ಸುಳಿವೇ ಇಲ್ಲ. ಅಪ್ಪ ತಲೆ ಎತ್ತಿ ಆಕಾಶ ತೋರಿಸಿದ. ಹಗಲಿನ ಬೆಳಕಿನಲ್ಲಿ ಮಾಸಿದ ದಶಮಿ ಚಂದ್ರ, ಹೆಚ್ಚುಕಮ್ಮಿ ನೆತ್ತಿಯ ಮೇಲೆ. "ಅವನು ಮೇಲಕ್ಕೆ ಬಂದ, ನೀರೂ ಬಂತು. ನಾಳೆ ಎಂಟೂಕಾಲಿಗೆ ಬತ್ತದೆ ನೋಡು." ದೋಣಿಯವರು ನಕ್ಕು, "ಸರಿ ಉಂಟು ನಿಮ್ಮ ಲೆಕ್ಕ" ಅಂದರು. ಕಾಲು ಗಂಟೆಯಲ್ಲಿ ನೀರು ಕಡಲಿನ ಕಡೆ ತಿರುಗಿತು. ಆಮೇಲೆ ಎರಡು ಗಂಟೆ ಪುರುಸೊತ್ತಿಲ್ಲ. ಇಬ್ಬರಿಗೂ ಸೇರಿ ಹದಿನಾಲ್ಕು ಕಾಣೆ ಸಿಕ್ಕಿತು. ಚಿಕ್ಕವು ಇನ್ನೂ ಐದಾರು, ಅವನ್ನು ವಾಪಸ್ ಬಿಟ್ಟೆವು.

ಹನ್ನೊಂದರ ಹೊತ್ತಿಗೆ ಕಡಲಿನ ಕಡೆಯಿಂದ ಗಾಳಿ ಎದ್ದಿತು. ಬಿಸಿಲಿಗೆ ನೆಲ ಕಾದಂತೆ ಅದು ದಿನಾ ಬರುವ ಗಾಳಿ. ನೀರಿನ ಮೇಲೆ ಸಣ್ಣ ಅಲೆ ಕಾಣಿಸಿದ ಕೂಡಲೇ ದೋಣಿಯವರು ಲಂಗರು ಎತ್ತಿದರು. ಇನ್ನೊಂದು ಹತ್ತು ನಿಮಿಷ ಅಂತ ನಾವೂ ಕೇಳಲಿಲ್ಲ.

ಮಧ್ಯಾಹ್ನ ಮನೆಯೊಡತಿ ಅರ್ಧ ಮೀನಿಗೆ ರವೆ ಹಚ್ಚಿ ಕಾಯಿಸಿಕೊಟ್ಟರು, ಅರ್ಧವನ್ನು ಗಸಿ ಮಾಡಿದರು. ಅಪ್ಪ ಅವರ ಅಡುಗೆಮನೆಯಲ್ಲೇ ಮುದ್ದೆ ಕಟ್ಟಿದ. ತೆಂಗಿನಕಾಯಿ ಅರೆದ ಗಸಿಗೆ ಮುದ್ದೆ ಅದ್ದಿ ನುಂಗುವುದನ್ನು ಅವರ ಮಕ್ಕಳು ಬಾಗಿಲಲ್ಲಿ ನಿಂತು ನೋಡಿದರು.

ಶನಿವಾರ

ಉಬ್ಬರ ಎಂಟೂ ಇಪ್ಪತ್ತಕ್ಕೆ ನಿಂತಿತು. ಅಪ್ಪನ ಲೆಕ್ಕಕ್ಕಿಂತ ಐದೇ ನಿಮಿಷ ಹೆಚ್ಚು.

ಅವತ್ತು ಮೀನು ಕಡಿಮೆ, ಆರು ಕಾಣೆ ಅಷ್ಟೇ. ನನ್ನ ಗಾಳಕ್ಕೆ ಒಂದು ಮೀಸೆ ಮೀನು ಬಂತು. ನಾಲೆಯಲ್ಲೂ ಮೀಸೆ ಮೀನು ಬಿಡಿಸಿ ಅಭ್ಯಾಸ ಇದೆಯಲ್ಲ ಅಂತ ಕೈ ಹಾಕಿದೆ. ಅದು ಒದರಿತು, ಬೆನ್ನಿನ ಮುಳ್ಳು ಹೆಬ್ಬೆರಳಿಗೆ ಇಳಿಯಿತು. ಐದು ನಿಮಿಷದಲ್ಲಿ ನೋವು ಮೊಣಕೈಗೆ ಏರಿತು. ಕಡಲ ಮೀಸೆ ಮೀನಿನ ಬೆನ್ನು ಮತ್ತು ಪಕ್ಕದ ಮುಳ್ಳುಗಳಲ್ಲಿ ವಿಷ ಇರುತ್ತದೆ. ದೋಣಿಯವರು ತಕ್ಷಣ ದಡಕ್ಕೆ ತಿರುಗಿಸಿ, ಮನೆಯಲ್ಲಿ ಕೈ ತಡೆಯುವಷ್ಟು ಬಿಸಿನೀರಿನಲ್ಲಿ ಹೆಬ್ಬೆರಳನ್ನು ಅದ್ದಿಸಿದರು. ಮೊದಲು ಒಳ್ಳೆಯ ಕೈಯಲ್ಲಿ ನೀರಿನ ಬಿಸಿ ನೋಡಿಕೊಳ್ಳಿ, ನೋವಿನ ಕೈಗೆ ಸುಡುವುದು ಗೊತ್ತಾಗುವುದಿಲ್ಲ ಅಂದರು. ಆ ವಿಷ ಬಿಸಿಗೆ ಶಕ್ತಿ ಕಳೆದುಕೊಳ್ಳುತ್ತದೆ. ನೀರು ಆರಿದಂತೆ ಬದಲಿಸುತ್ತ ಒಂದು ಗಂಟೆ ಕೂತೆ. ನೋವು ಇಳಿಯಿತು. ಆಮೇಲೆ ಉಡುಪಿಗೆ ಹೋಗಿ ಡಾಕ್ಟರಿಗೆ ತೋರಿಸಿ ಟಿಟಿ ಇಂಜೆಕ್ಷನ್ ಹಾಕಿಸಿಕೊಂಡೆ. ಸಾಮಾನಿನ ಪಟ್ಟಿಯಲ್ಲಿ ಒಂದು ಇಕ್ಕುಳ ಇರಬೇಕಿತ್ತು. ಇಷ್ಟು ದಿನ ಯೋಚನೆ ಮಾಡಿದವನು ಅದನ್ನೇ ಬಿಟ್ಟಿದ್ದೆ. ನೀವು ಬಿಡಬೇಡಿ.

ಸಂಜೆ ಕಡಲ ಬದಿಯಲ್ಲಿ ಕೈರಂಪಣಿ ಎಳೆಯುತ್ತಿದ್ದರು. ದೋಣಿಯಲ್ಲಿ ಬಲೆಯನ್ನು ಅರ್ಧ ಸುತ್ತು ಬಿಟ್ಟುಬಂದು, ಎರಡು ತುದಿಯ ಹಗ್ಗವನ್ನು ಎರಡು ಗುಂಪು ದಡದಿಂದ ಎಳೆಯುವುದು. ಎಳೆಯುತ್ತ ಎಳೆಯುತ್ತ ಗುಂಪುಗಳು ಹತ್ತಿರ ಬರುತ್ತವೆ. ಅಪ್ಪ ಯಾರನ್ನೂ ಕೇಳದೆ ಪಂಚೆ ಎತ್ತಿ ಕಟ್ಟಿ ಹಗ್ಗಕ್ಕೆ ಕೈ ಹಾಕಿದ. ಯಾರೂ ಬೇಡ ಅನ್ನಲಿಲ್ಲ. ಮುಂದಿದ್ದವರ ತಾಳಕ್ಕೆ ಸರಿಯಾಗಿ ಹಿಮ್ಮಡಿ ಮರಳಿಗೆ ಊರಿ ಎಳೆದ. ಬಲೆ ದಡ ಹತ್ತಿದಾಗ ಬೂತಾಯಿ, ಸಣ್ಣ ಬಂಗುಡೆ ಮಿರಮಿರ ಮಿಂಚುತ್ತಿದ್ದವು. ಹೊರಡುವಾಗ ಒಬ್ಬರು ಎರಡು ಬೊಗಸೆ ಬಂಗುಡೆ ತಂದು ಅವನ ಟವೆಲಿಗೆ ಹಾಕಿದರು. ದುಡ್ಡು ಕೊಡಲು ಹೋದರೆ, "ಎಳೆದಿದ್ದಾರಲ್ಲ, ಅವರ ಪಾಲು" ಅಂದರು.

ಭಾನುವಾರ

ಗಾಳ ಹಾಕಲಿಲ್ಲ. ಮಲ್ಪೆಗೆ ಹೋಗಿ ಐಸ್ ತುಂಬಿಸಿಕೊಂಡೆವು. ಮೀನಿನಷ್ಟೇ ತೂಕದ ಐಸ್ ಇರಬೇಕು, ಕೆಳಗೊಂದು ಪದರ, ಮೇಲೊಂದು ಪದರ, ಕರಗಿದ ನೀರು ಆಗಾಗ ಚೆಲ್ಲಬೇಕು. ಹಿಂದಿನ ಸಲ ಅರ್ಧ ಗಂಟೆಯಲ್ಲಿ ನೋಡಿ ಹೋಗಿದ್ದ ಕಡಲನ್ನು ಅಪ್ಪ ಈ ಸಲ ಐದು ನಿಮಿಷ ನೋಡಿದ. "ನಡಿ, ನೀರು ಇಳೀತಾ ಐತೆ" ಅಂದ.

ಬಂದ ದಾರಿಯಲ್ಲೇ ವಾಪಸ್. ರಾತ್ರಿ ಎಂಟಕ್ಕೆ ಮಂಡ್ಯ. ಅವ್ವ ಮಸಾಲೆ ಅರೆದು ಇಟ್ಟುಕೊಂಡೇ ಕಾಯುತ್ತಿದ್ದಳು. ಹುಳಿ, ಖಾರ ಜಾಸ್ತಿ ಹಾಕಿದ ನಮ್ಮ ಕಡೆಯ ಸಾರು, ಅದರಲ್ಲಿ ಬಂಗುಡೆ. ಕಾಣೆಯನ್ನು ಪಕ್ಕದ ಎರಡು ಮನೆಗೂ ಕೊಟ್ಟೆವು.

ನಾನು ರೀಲುಗಳನ್ನು ಸಿಹಿನೀರಿನಲ್ಲಿ ತೊಳೆದು ಒಣಗಲು ಇಟ್ಟೆ. ಉಪ್ಪು ಒಳಗೆ ಉಳಿದರೆ ವಾರದಲ್ಲಿ ಹಿಡಿದುಕೊಳ್ಳುತ್ತವೆ. ಅಪ್ಪ ಲೈಟಿನ ಕೆಳಗೆ ಪಂಚಾಂಗ ಹಿಡಿದು ಕೂತಿದ್ದ. ಆಶ್ವಯುಜ ಬಹುಳ ದಶಮಿ, ದೀಪಾವಳಿಗೆ ನಾಲ್ಕೈದು ದಿನ ಮುಂಚೆ. ಅಷ್ಟೊತ್ತಿಗೆ ಮಳೆಯೂ ತಗ್ಗಿರುತ್ತದೆ, ಸೆಕೆಯೂ ಇಷ್ಟಿರುವುದಿಲ್ಲ. ಮೊದಲ ಕಾಣೆ ಹಿಡಿದ ಹತ್ತನೇ ನಂಬರ್ ಗಾಳವನ್ನು ಲುಂಗಿಯ ಅಂಚಿನಲ್ಲಿ ಒರೆಸಿ ಆ ಪುಟಕ್ಕೆ ಚುಚ್ಚಿದ.

"ರಜಾ ಈಗ್ಲೇ ಬರ್ದು ಕೊಟ್ಬುಡು" ಅಂದ.